ಕಣ್ಣು, ಕಾಲು, ಕಿಡ್ನಿ ಎಲ್ಲಾ ಚೆಕ್ ಆಯ್ತು, ವಸಡು?

ಮೂರು ತಿಂಗಳಿಗೊಂದ್ಸಲ ಮಗಳನ್ನ ಕರ್ಕೊಂಡು ಶುಗರ್ ಡಾಕ್ಟರ್ ಹತ್ರ ಹೋಗ್ತೀನಿ. ಅವಳಿಗೆ ಟೈಪ್ 1 ಡಯಾಬಿಟಿಸ್, ಅಂದ್ರೆ ದೇಹದಲ್ಲಿ ಇನ್ಸುಲಿನ್ನೇ ತಯಾರಾಗದ ತರದ್ದು, ಈಗ ವಯಸ್ಸು ಹದಿನಾರು. ಅಲ್ಲಿ ಎಲ್ಲಾ ಒಂದು ಲಿಸ್ಟ್ ಪ್ರಕಾರ ನಡೆಯುತ್ತೆ. ತೂಕ, ಎತ್ತರ, ಬಿಪಿ, ಎಚ್‌ಬಿಎ1ಸಿ (ಎರಡು ಮೂರು ತಿಂಗಳ ಶುಗರ್ ಹೇಗಿತ್ತು ಅಂತ ಹೇಳೋ ರಕ್ತಪರೀಕ್ಷೆ), ಇನ್ಸುಲಿನ್ ಚುಚ್ಚೋ ಜಾಗದಲ್ಲಿ ಗಂಟು ಕಟ್ಟಿದ್ಯಾ ಅಂತ ಕೈಯಾಡಿಸಿ ನೋಡೋದು, ವರ್ಷಕ್ಕೊಂದ್ಸಲ ಕಣ್ಣಿನ ಹಿಂಪರದೆ ಫೋಟೋ, ಮೂತ್ರದಲ್ಲಿ ಪ್ರೋಟೀನ್ ಹೋಗ್ತಿದ್ಯಾ ಅಂತ ಟೆಸ್ಟು, ಪಾದಕ್ಕೆ ಸಣ್ಣ ಎಳೆ ತಾಗಿಸಿ "ಗೊತ್ತಾಗ್ತಿದ್ಯಾ?" ಅಂತ ಕೇಳೋದು. ಇಷ್ಟು ವರ್ಷದಲ್ಲಿ ಒಂದು ಸಲನೂ ಯಾರೂ "ಬಾಯಿ ತೆಗಿಯಮ್ಮ, ವಸಡು ನೋಡೋಣ" ಅಂದಿಲ್ಲ. ಸುಮ್ನೆ ಅವರ ಮೇಲೆ ಯಾಕೆ ಹಾಕ್ಲಿ, ನಾನೂ ಕೇಳಿಲ್ಲ. ಒಂದಿನ ಬೆಳಿಗ್ಗೆ ವಾಶ್‌ಬೇಸಿನ್‌ನಲ್ಲಿ ಅವಳು ಉಗಿದ ನೊರೆ ಗುಲಾಬಿ ಬಣ್ಣಕ್ಕಿತ್ತು, ಏನಿದು ಅಂದ್ರೆ "ಅದು ಯಾವಾಗ್ಲೂ ಹಂಗೇ ಅಪ್ಪಾ" ಅಂದ್ಲು. ಯಾವಾಗ್ಲೂ ಹಂಗೇ ಅಂತೆ.

ಅಲ್ಲಿಂದ ಶುರುವಾಯ್ತು ನನ್ನ ಓದು. ನಾನು ಡಾಕ್ಟರಲ್ಲ, ಆದ್ರೆ ಮನೇಲಿ ಈ ಕಾಯಿಲೆ ಇಟ್ಕೊಂಡು ಹತ್ತಾರು ವರ್ಷ ಬಾಳೋರಿಗೆ ಸಂಶೋಧನಾ ಪೇಪರ್ ಓದೋದು ಅಭ್ಯಾಸ ಆಗಿಬಿಡುತ್ತೆ. ಈ ವಿಷಯದಲ್ಲಿ ಆನ್‌ಲೈನ್‌ನಲ್ಲಿ ಎರಡು ತರದ ಮಾತು ಸಿಗುತ್ತೆ. ಒಂದು, "ಹಲ್ಲು ಕ್ಲೀನ್ ಮಾಡಿಸ್ಕೊಳ್ಳಿ, ಶುಗರ್ ತಾನಾಗೇ ಇಳಿಯುತ್ತೆ" ಅನ್ನೋದು. ಇನ್ನೊಂದು, "ವಸಡಿನ ತೊಂದ್ರೆ ವಯಸ್ಸಾದವರಿಗೆ ಬರೋದು, ಮಕ್ಕಳಿಗೇನು" ಅನ್ನೋದು. ಎರಡೂ ತಪ್ಪು ಅಂತ ನನಗನ್ಸುತ್ತೆ, ಅದರಲ್ಲೂ ಎರಡನೇದು ಜಾಸ್ತಿ ಹಾನಿ ಮಾಡೋ ತಪ್ಪು. ಸಂಬಂಧ ಎರಡು ಕಡೆಯಿಂದಲೂ ಇದೆ, ಶುಗರ್ ವಸಡನ್ನ ಕೆಡಿಸುತ್ತೆ, ಕೆಟ್ಟ ವಸಡು ಶುಗರನ್ನ ಏರಿಸುತ್ತೆ, ಇದನ್ನ ಎಲ್ಲರೂ ಹೇಳ್ತಾರೆ. ಯಾರೂ ಹೇಳದೇ ಇರೋದು ಏನಂದ್ರೆ ಈ ಎರಡು ದಾರಿ ಒಂದೇ ಅಗಲ ಇಲ್ಲ. ಚಿಕ್ಕ ವಯಸ್ಸಿನವರಲ್ಲಂತೂ ಒಂದು ಹೆದ್ದಾರಿ, ಇನ್ನೊಂದು ಕಾಲುದಾರಿ.

ಮೊದ್ಲು ವಸಡಲ್ಲಿ ಆಗೋದೇನು ನೋಡೋಣ. ಹಲ್ಲು ಮತ್ತೆ ವಸಡು ಸೇರೋ ಅಂಚಲ್ಲಿ ದಿನಾ ಒಂದು ಮೆತ್ತನೆ ಪದರ ಕೂರುತ್ತೆ, ಪಾಚಿ ಅಂತೀವಲ್ಲ ಅದೇ, ಡೆಂಟಿಸ್ಟ್‌ಗಳು ಪ್ಲೇಕ್ ಅಂತಾರೆ. ಅದು ಬರೀ ಕೊಳೆ ಅಲ್ಲ, ಅಂಟಂಟಾಗಿ ಒಟ್ಟಿಗೆ ಬದುಕೋ ಬ್ಯಾಕ್ಟೀರಿಯಾಗಳ ಊರು. ಬ್ರಶ್ ತಾಗದೆ ಉಳಿದ್ರೆ ವಸಡು ಕೆಂಪಾಗಿ ಊದ್ಕೊಳ್ಳುತ್ತೆ, ಮುಟ್ಟಿದ್ರೆ ರಕ್ತ ಬರುತ್ತೆ, ಇದು ಜಿಂಜಿವೈಟಿಸ್. ಈ ಹಂತದಲ್ಲಿ ಸರಿ ಮಾಡಿದ್ರೆ ಗುರುತೂ ಉಳಿಯಲ್ಲ. ಹಂಗೇ ಬಿಟ್ರೆ ಕೆಲವರಲ್ಲಿ, ಎಲ್ಲರಲ್ಲೂ ಅಲ್ಲ, ಉರಿಯೂತ ಕೆಳಗಿಳಿದು ಹಲ್ಲನ್ನ ಹಿಡಿದಿಟ್ಟಿರೋ ನಾರು ಮತ್ತೆ ಮೂಳೆ ಕರಗೋಕೆ ಶುರುವಾಗುತ್ತೆ, ಹಲ್ಲಿಗೂ ವಸಡಿಗೂ ನಡುವೆ ಸಂದು ಆಳ ಆಗ್ತಾ ಹೋಗುತ್ತೆ, ಇದು ಪೆರಿಯೊಡಾಂಟೈಟಿಸ್. ಕರಗಿದ ಮೂಳೆ ತಾನಾಗಿ ವಾಪಸ್ ಬರಲ್ಲ. ಅಂದ್ರೆ ಒಂದು ಹಂತದ ತನಕ ಹಿಂದಕ್ಕೆ ಬರೋ ದಾರಿ ಇದೆ, ಆಮೇಲೆ ಇಲ್ಲ. ಈ ಗೆರೆಯನ್ನ ನೆನಪಿಟ್ಕೊಳ್ಳಿ, ಮುಂದಿನ ಮಾತೆಲ್ಲಾ ಇದರ ಸುತ್ತಾನೇ ಇರೋದು.

ಈ ಹಿಂದಕ್ಕೆ ಬರೋ ದಾರಿ ಇದೆ ಅಂತ ತೋರಿಸಿದ ಪ್ರಯೋಗ ಬಹಳ ಸರಳವಾದದ್ದು, 1965ರದ್ದು, ಡೆನ್ಮಾರ್ಕ್‌ನ ಆರ್ಹುಸ್‌ನಲ್ಲಿ. ಹರಾಲ್ಡ್ ಲೋ ಅನ್ನೋ ನಾರ್ವೆಯ ದಂತವೈದ್ಯ ಮತ್ತೆ ಅವರ ಜೊತೆಗಾರರು ಬಾಯಿ ಚೆನ್ನಾಗಿರೋ 12 ಜನರಿಗೆ, ಹೆಚ್ಚಿನವರು ದಂತ ವೈದ್ಯಕೀಯ ಓದ್ತಿದ್ದ ಹುಡುಗರೇ, ಹಲ್ಲುಜ್ಜೋದು ನಿಲ್ಸಿ ಅಂದ್ರು. 10ರಿಂದ 21 ದಿನದೊಳಗೆ ಎಲ್ಲರಿಗೂ ವಸಡು ಊದ್ಕೊಂಡ್ತು. ಮತ್ತೆ ಉಜ್ಜೋಕೆ ಶುರು ಮಾಡಿದ್ಮೇಲೆ ಒಂದು ವಾರದ ಆಸುಪಾಸಲ್ಲಿ ಮೊದಲಿನ ತರ ಆಯ್ತು. ಅಷ್ಟೇ ಪ್ರಯೋಗ. ಔಷಧಿ ಇಲ್ಲ ಏನಿಲ್ಲ.

ಈಗ ಇದನ್ನೇ ಡಯಾಬಿಟಿಸ್ ಇರೋರ ಮೇಲೆ ಮಾಡಿದ್ರೆ? 2005ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ ಅದನ್ನೇ ಮಾಡಿದ್ರು, ಟೈಪ್ 1 ಇರೋ 9 ಜನ, ಇಲ್ಲದೇ ಇರೋ 9 ಜನ, ಎಲ್ಲರೂ ಸ್ವಲ್ಪ ದಿನ ಬ್ರಶ್ ಬಿಟ್ರು. ಎರಡೂ ಗುಂಪಲ್ಲಿ ಪಾಚಿ ಹೆಚ್ಚುಕಮ್ಮಿ ಒಂದೇ ಪ್ರಮಾಣದಲ್ಲಿ ಕಟ್ಟಿತ್ತು, ಆದ್ರೆ ಟೈಪ್ 1 ಇರೋರ ವಸಡು ಬೇಗ ಊದ್ಕೊಂಡ್ತು, ಜಾಸ್ತಿನೂ ಊದ್ಕೊಂಡ್ತು. ಸಣ್ಣ ಅಧ್ಯಯನ ಹೌದು, ಆದ್ರೆ ನನ್ನ ಮಟ್ಟಿಗೆ ಇಡೀ ವಿಷಯದಲ್ಲಿ ಇದಕ್ಕಿಂತ ಸ್ಪಷ್ಟವಾಗಿ ಹೇಳೋದು ಬೇರೆ ಇಲ್ಲ. ಯಾಕಂದ್ರೆ ನಾವು ತಕ್ಷಣ ಹೇಳೋ ಮಾತು "ಸರಿಯಾಗಿ ಉಜ್ಜಲ್ಲ ಇವಳು" ಅಂತ. ಇಲ್ಲಿ ಉಜ್ಜದೇ ಇದ್ದೋರು ಎರಡೂ ಕಡೆಯವರು, ಕೊಳೆ ಒಂದೇ, ಶಿಕ್ಷೆ ಮಾತ್ರ ಒಬ್ಬರಿಗೆ ಜಾಸ್ತಿ. ಪಕ್ಕದ ಡೆಸ್ಕಿನ ಗೆಳತಿ ಬ್ರಶ್ ಬಿಟ್ರೆ ಆಗೋದಕ್ಕಿಂತ ಇವಳಿಗೆ ಬೇಗ ಆಗುತ್ತೆ, ಜಾಸ್ತಿನೂ ಆಗುತ್ತೆ.

ಯಾಕೆ ಹೀಗೆ ಅನ್ನೋದಕ್ಕೆ ಒಂದೇ ಕಾರಣ ಇಲ್ಲ. ರಕ್ತದಲ್ಲಿ ಸಕ್ಕರೆ ಬಹಳ ದಿನ ಜಾಸ್ತಿ ಇದ್ರೆ ಅದು ಪ್ರೋಟೀನ್‌ಗಳಿಗೆ ಹೋಗಿ ಅಂಟ್ಕೊಳ್ಳುತ್ತೆ, ಹಂಗೆ ಸಕ್ಕರೆ ಹತ್ತಿದ ಪ್ರೋಟೀನ್‌ಗಳು ವಸಡಿನಲ್ಲೂ ಶೇಖರ ಆಗ್ತವೆ, ಜೀವಕೋಶಗಳ ಮೇಲೆ ಇವನ್ನ ಗುರುತು ಹಿಡಿಯೋ ಕೊಂಡಿಗಳಿದಾವೆ, ಕೊಂಡಿ ಸಿಕ್ಕಿದ್ದೇ ತಡ ಉರಿಯೂತದ ಸಂದೇಶಗಳು ಹೊರಡ್ತವೆ. (ಎಚ್‌ಬಿಎ1ಸಿ ಅನ್ನೋದೂ ಇದೇ ಜಾತಿಯ ಲೆಕ್ಕನೇ, ಹಿಮೋಗ್ಲೋಬಿನ್‌ಗೆ ಎಷ್ಟು ಸಕ್ಕರೆ ಅಂಟಿದೆ ಅಂತ. ಕೆಂಪು ರಕ್ತಕಣ ಸುಮಾರು 120 ದಿನ ಬದುಕೋದ್ರಿಂದ ಅದು ಕಳೆದ ಎರಡು ಮೂರು ತಿಂಗಳ ಕಥೆ ಹೇಳುತ್ತೆ.) ಇನ್ನು ಬ್ಯಾಕ್ಟೀರಿಯಾ ಮೇಲೆ ಮೊದಲು ನುಗ್ಗೋ ಬಿಳಿ ರಕ್ತಕಣ, ನ್ಯೂಟ್ರೋಫಿಲ್, ಸಕ್ಕರೆ ಜಾಸ್ತಿ ಇದ್ದಾಗ ಸರಿಯಾಗಿ ಕೊಲ್ಲೋದೂ ಇಲ್ಲ, ಕೆಲಸ ಮುಗೀತು ಅಂತ ಜಾಗ ಖಾಲಿ ಮಾಡೋದೂ ಇಲ್ಲ, ಅಲ್ಲೇ ಇದ್ದು ಸ್ವಂತ ಮನೆಯವರಿಗೇ ಗಾಯ ಮಾಡುತ್ತೆ. ವಸಡಿನ ನಾರು ಅಂದ್ರೆ ಕೊಲಾಜೆನ್, ಅದರ ರಿಪೇರಿನೂ ನಿಧಾನ ಆಗುತ್ತೆ. ಮೇಲಿಂದ ಶುಗರ್ ಜಾಸ್ತಿ ಇದ್ದಾಗ ಪದೇಪದೇ ಮೂತ್ರಕ್ಕೆ ಹೋಗಿ ದೇಹದ ನೀರು ಕಮ್ಮಿಯಾಗಿ ಬಾಯಿ ಒಣಗುತ್ತೆ, ಬಾಯಿನ ತೊಳೀತಾ ಇರಬೇಕಾದ ಜೊಲ್ಲೇ ಕಮ್ಮಿ, ಇದ್ದದ್ದರಲ್ಲೂ ಸಕ್ಕರೆ ಅಂಶ.

ಸರಿ, ಇದೆಲ್ಲಾ ದೊಡ್ಡವರ ಮಾತಾಯ್ತು, ಮಕ್ಕಳಲ್ಲಿ ನಿಜವಾಗ್ಲೂ ಇದು ಕಾಣುತ್ತಾ? ಕಾಣುತ್ತೆ. ನ್ಯೂಯಾರ್ಕ್‌ನ ಕೊಲಂಬಿಯಾ ಯೂನಿವರ್ಸಿಟಿಯವರು 6ರಿಂದ 18 ವರ್ಷದ ಮಕ್ಕಳನ್ನೇ ನೋಡಿದ್ರು, 2006ರಲ್ಲಿ ಮೊದಲ ವರದಿ, ಡಯಾಬಿಟಿಸ್ ಇರೋ 182 ಮಕ್ಕಳು, ಇಲ್ಲದ 160 ಮಕ್ಕಳು. ಮಾರನೇ ವರ್ಷ ಅದನ್ನ ಎರಡೂ ಕಡೆ 350ಕ್ಕೆ ಬೆಳೆಸಿದ್ರು. ಡಯಾಬಿಟಿಸ್ ಇರೋ ಮಕ್ಕಳಲ್ಲಿ ವಸಡಿನ ಉರಿಯೂತ ಜಾಸ್ತಿ ಅನ್ನೋದು ಮಾತ್ರ ಅಲ್ಲ, ಹಲ್ಲಿನ ಹಿಡಿತ ಸಡಿಲ ಆಗೋ ಪ್ರಕ್ರಿಯೆಯೇ ಇಷ್ಟು ಚಿಕ್ಕ ವಯಸ್ಸಲ್ಲಿ ಶುರುವಾಗಿರುತ್ತೆ, ಹದಿಹರೆಯಕ್ಕೆ ಬರ್ತಾ ಅದು ಇನ್ನೂ ಎದ್ದು ಕಾಣುತ್ತೆ ಅಂತ ಗೊತ್ತಾಯ್ತು. ಅದೇ ಗುಂಪಿನ ಇನ್ನೊಂದು ವಿಶ್ಲೇಷಣೆಯಲ್ಲಿ ಹಿಂದಿನ ಎರಡು ವರ್ಷದ ಎಚ್‌ಬಿಎ1ಸಿ ಸರಾಸರಿ ಜಾಸ್ತಿ ಇದ್ದ ಮಕ್ಕಳಲ್ಲಿ ವಸಡಿನ ತೊಂದರೆನೂ ಜಾಸ್ತಿ ಕಂಡಿತ್ತು. ನಿನ್ನೆ ಮೊನ್ನೆಯ ರೀಡಿಂಗ್ ಅಲ್ಲ ಕಣ್ರೀ, ಎರಡು ವರ್ಷದ ಸರಾಸರಿ. ಅಂದ್ರೆ ಪರೀಕ್ಷೆ ದಿನ ಮಾತ್ರ ಚೆನ್ನಾಗಿ ಓದಿದ ಹುಡುಗನ ತರ, ಕ್ಲಿನಿಕ್‌ಗೆ ಹೋಗೋ ಹಿಂದಿನ ವಾರ ಕಂಟ್ರೋಲ್ ಮಾಡಿದ್ರೆ ವಸಡಿಗೆ ಅದು ಗೊತ್ತಾಗಲ್ಲ.

ಹದಿಹರೆಯ ಅಂದೆ. ಈ ವಯಸ್ಸಿನ ವಿಷಯ ಬೇರೆಯೇ ಇದೆ. ಪ್ರೌಢಾವಸ್ಥೆಗೆ ಬರೋವಾಗ ಬೆಳವಣಿಗೆಯ ಹಾರ್ಮೋನ್ ಏರೋದ್ರಿಂದ ಇನ್ಸುಲಿನ್‌ಗೆ ದೇಹ ಸ್ಪಂದಿಸೋದು ಸುಮಾರು ಮೂರನೇ ಒಂದು ಭಾಗದಷ್ಟು ಇಳಿಯುತ್ತೆ, ಡಯಾಬಿಟಿಸ್ ಇಲ್ಲದ ಮಕ್ಕಳಲ್ಲೂ ಇದು ಆಗುತ್ತೆ, ಅವರ ಮೇದೋಜೀರಕ ಗ್ರಂಥಿ ಸದ್ದಿಲ್ಲದೆ ಜಾಸ್ತಿ ಇನ್ಸುಲಿನ್ ಕೊಟ್ಟು ಸರಿದೂಗಿಸುತ್ತೆ, ನಮ್ಮ ಮಕ್ಕಳಿಗೆ ಅದನ್ನ ಸೂಜಿಯಲ್ಲಿ ಸರಿದೂಗಿಸ್ಬೇಕು. ಅದೇ ಹೊತ್ತಿಗೆ ಲೈಂಗಿಕ ಹಾರ್ಮೋನ್‌ಗಳು ವಸಡಿಗೆ ರಕ್ತ ಹರಿಯೋದನ್ನ ಹೆಚ್ಚಿಸಿ, ಸ್ವಲ್ಪ ಪಾಚಿ ಇದ್ರೂ ವಸಡು ಊದೋ ಹಾಗೆ ಮಾಡ್ತವೆ. ಅದೇ ವಯಸ್ಸಲ್ಲೇ ಹಲ್ಲಿಗೆ ಕ್ಲಿಪ್ ಹಾಕಿಸೋದು, ಕ್ಲಿಪ್ ಸುತ್ತ ಬ್ರಶ್ ಹೋಗದ ನೂರು ಮೂಲೆ. ಅದೇ ವಯಸ್ಸಲ್ಲೇ ಅಪ್ಪ ಅಮ್ಮ ಹೇಳಿದ್ದಕ್ಕೆಲ್ಲಾ ಬೇಡ ಅನ್ನೋದು. ಎಲ್ಲಾ ಒಟ್ಟಿಗೇ ಬಂದು ಬೀಳುತ್ತೆ. ಅಮೆರಿಕದ ದೊಡ್ಡ ಟೈಪ್ 1 ದಾಖಲಾತಿಯೊಂದರಲ್ಲಿ 2016–18ರಲ್ಲಿ 15ರಿಂದ 18ರ ವಯಸ್ಸಿನವರ ಎಚ್‌ಬಿಎ1ಸಿ ಸರಾಸರಿ 9.3% ಇತ್ತು, ಗುರಿ ಇರೋದು 7ರ ಆಸುಪಾಸು. ಅಷ್ಟೊತ್ತಿಗೆ ಅಲ್ಲಿ ಇನ್ಸುಲಿನ್ ಪಂಪ್, ಶುಗರ್ ತೋರಿಸೋ ಸೆನ್ಸರ್ ಎಲ್ಲಾ ಬಂದಿತ್ತು, ಆದ್ರೂ. ಅದಕ್ಕೇ ಈ ವಯಸ್ಸಿನ ಮಕ್ಕಳಿಗೆ ನಂಬರ್ ಇಟ್ಕೊಂಡು ಬೈಯೋರನ್ನ ಕಂಡ್ರೆ ನನಗೆ ಸಿಟ್ಟು ಬರುತ್ತೆ.

ಇದಿಷ್ಟು ಹೆದ್ದಾರಿ, ಶುಗರ್‌ನಿಂದ ವಸಡಿಗೆ. ಈಗ ವಾಪಸ್ ದಾರಿ, ವಸಡಿನಿಂದ ಶುಗರ್‌ಗೆ. ಇಲ್ಲಿ ನಿಧಾನಕ್ಕೆ ಹೋಗ್ಬೇಕು, ಯಾಕಂದ್ರೆ ಹೆಡ್‌ಲೈನ್‌ಗಳು ಜಾರೋದು ಇಲ್ಲೇ.

ಹೇಗೆ ಅನ್ನೋದು ಅರ್ಥ ಆಗೋ ವಿಷಯನೇ. ಊದಿದ ವಸಡಿನ ಒಳಗಡೆ ಪದರ ಹರಿದು ಹುಣ್ಣಾಗಿರುತ್ತೆ, ಅಲ್ಲಿಂದ ಬ್ಯಾಕ್ಟೀರಿಯಾ, ಅವುಗಳ ಚೂರು, ಉರಿಯೂತದ ರಾಸಾಯನಿಕಗಳು ರಕ್ತಕ್ಕೆ ಸೇರ್ತವೆ. ಇಂಟರ್‌ಲ್ಯೂಕಿನ್ 6, ಟಿಎನ್‌ಎಫ್ ಆಲ್ಫಾ ಅಂತ ಹೆಸರು ಕೇಳಿರ್ತೀರಿ, ಇವು ಸ್ನಾಯು ಮತ್ತೆ ಲಿವರ್‌ನಲ್ಲಿ ಇನ್ಸುಲಿನ್ ಮಾತು ಕೇಳದ ಹಾಗೆ ಮಾಡ್ತವೆ. ಜ್ವರ ಬಂದಾಗ ಶುಗರ್ ಏರುತ್ತಲ್ಲ, ಅದರದ್ದೇ ಸಣ್ಣ ಉರಿಯ, ತಿಂಗಳುಗಟ್ಟಲೆ ಆರದೇ ಇರೋ ರೂಪ ಇದು. ಅಮೆರಿಕದ ಅರಿಝೋನಾದಲ್ಲಿ ಹೀಲಾ ನದಿ ಪ್ರದೇಶದ ಪೀಮಾ ಸಮುದಾಯದವರಲ್ಲಿ ಟೈಪ್ 2 (ಇನ್ಸುಲಿನ್ ಇದ್ರೂ ದೇಹ ಸರಿಯಾಗಿ ಕೇಳದಿರೋ ಡಯಾಬಿಟಿಸ್) ಬಹಳ ಜಾಸ್ತಿ, ಅವರನ್ನ ದಶಕಗಟ್ಟಲೆ ಹಿಂಬಾಲಿಸಿ ನೋಡಿದಾರೆ. 1996ರಲ್ಲಿ ಬಂದ ವರದಿ ಪ್ರಕಾರ ಶುರುವಿನಲ್ಲಿ ವಸಡಿನ ರೋಗ ತೀವ್ರವಾಗಿದ್ದ ಟೈಪ್ 2 ರೋಗಿಗಳಿಗೆ ಮುಂದಿನ ವರ್ಷಗಳಲ್ಲಿ ಶುಗರ್ ಹಿಡಿತ ತಪ್ಪೋ ಸಾಧ್ಯತೆ ಸುಮಾರು ಆರು ಪಟ್ಟು ಇತ್ತು.

ಆರು ಪಟ್ಟು ಅಂದ ತಕ್ಷಣ ಎದೆ ಧಸಕ್ ಅನ್ನುತ್ತೆ. ಆದ್ರೆ ಒಟ್ಟೊಟ್ಟಿಗೆ ಕಾಣೋದೆಲ್ಲಾ ಒಂದರಿಂದ ಇನ್ನೊಂದು ಆಗಿದ್ದು ಅಂತ ಅಲ್ಲವಲ್ಲ. ಹದಿನಾರರ ಹುಡುಗ ಒಬ್ಬನಿಗೆ ಕಾಯಿಲೆ ಸಾಕಾಗಿ ಹೋಗಿದೆ ಅಂದ್ಕೊಳ್ಳಿ, ಡಯಾಬಿಟಿಸ್ ಬರ್ನ್‌ಔಟ್ ಅಂತಾರೆ ಇದಕ್ಕೆ, ಅವನು ಮಧ್ಯಾಹ್ನದ ಇನ್ಸುಲಿನ್ ಬಿಡ್ತಾನೆ, ರಾತ್ರಿ ಬ್ರಶ್ಶೂ ಬಿಡ್ತಾನೆ. ಅವನ ಎಚ್‌ಬಿಎ1ಸಿನೂ ಕೆಡುತ್ತೆ ವಸಡೂ ಕೆಡುತ್ತೆ, ಎರಡಕ್ಕೂ ಬೇರು ಇನ್ನೆಲ್ಲೋ ಇದೆ. ಇಂಥವನಿಗೆ ಬರೀ ಹಲ್ಲು ಕ್ಲೀನ್ ಮಾಡಿಸಿದ್ರೆ ಎಷ್ಟು ಇಳೀಬಹುದು ಹೇಳಿ. ಹಾಗಾಗಿ ವಸಡಿಗೆ ಚಿಕಿತ್ಸೆ ಕೊಟ್ಟು ಶುಗರ್ ನೋಡೋ ಟ್ರಯಲ್‌ಗಳೇ ಬೇಕು.

ಟ್ರಯಲ್‌ಗಳ ಕಥೆ ಎತ್ತು ಏರಿಗೆಳೆದ್ರೆ ಕೋಣ ನೀರಿಗೆ ಅನ್ನೋ ಹಾಗಿತ್ತು. 2013ರಲ್ಲಿ ಅಮೆರಿಕದ್ದೊಂದು ದೊಡ್ಡ ಟ್ರಯಲ್, ಟೈಪ್ 2 ಇರೋ 514 ಜನ, ಅರ್ಧ ಜನಕ್ಕೆ ವಸಡಿನೊಳಗೆ ಕ್ಲೀನಿಂಗ್, ಆರು ತಿಂಗಳಾದ್ಮೇಲೆ ನೋಡಿದ್ರೆ ಎಚ್‌ಬಿಎ1ಸಿಯಲ್ಲಿ ವ್ಯತ್ಯಾಸವೇ ಇಲ್ಲ. ದಂತವೈದ್ಯರು ತಿರುಗಿ ಬಿದ್ರು, ಚಿಕಿತ್ಸೆ ಆದ್ಮೇಲೂ ಅವರ ಬಾಯಲ್ಲಿ ಇನ್ನೂ ಬೇಕಾದಷ್ಟು ಪಾಚಿ ಇತ್ತು, ರಕ್ತ ಬರ್ತಾನೇ ಇತ್ತು, ವಸಡೇ ಸರಿ ಹೋಗದೆ ಶುಗರ್ ಹೇಗೆ ಇಳೀಬೇಕು ಅಂತ. ನನಗೆ ಆ ವಾದ ಮೊದಲಿಗೆ ಸೋತವರ ನೆಪ ಅನ್ಸಿತ್ತು. ಆದ್ರೆ 2018ರಲ್ಲಿ ಲಂಡನ್‌ನ ಟ್ರಯಲ್ ಬಂತು, 264 ಜನ, ಇವರೂ ಟೈಪ್ 2, ಇಲ್ಲಿ ಒಂದ್ಸಲ ಕ್ಲೀನ್ ಮಾಡಿ ಕಳಿಸಲಿಲ್ಲ, ಬೇಕಾದವರಿಗೆ ಸರ್ಜರಿ, ಪದೇಪದೇ ಕರೆಸಿ ನೋಡೋದು, ಹೀಗೆ ಇಡೀ ವರ್ಷ ಹಿಂದೆ ಬಿದ್ರು. ವರ್ಷದ ಕೊನೆಗೆ ಚಿಕಿತ್ಸೆ ಸಿಕ್ಕವರ ಎಚ್‌ಬಿಎ1ಸಿ ಇನ್ನೊಂದು ಗುಂಪಿಗಿಂತ 0.6 ಕಮ್ಮಿ ಇತ್ತು. ಆ ನೆಪದಲ್ಲಿ ಹುರುಳಿತ್ತು ಅಂತಾಯ್ತು. 2022ರಲ್ಲಿ ಕಾಕ್ರೇನ್ ಅನ್ನೋ, ವೈದ್ಯಕೀಯ ಅಧ್ಯಯನಗಳನ್ನ ಒಟ್ಟಿಗೆ ಇಟ್ಟು ಪರಿಶೀಲಿಸೋ ಸಂಸ್ಥೆಯವರು 35 ಅಧ್ಯಯನ, 3,249 ಜನರ ಲೆಕ್ಕ ಒಟ್ಟುಗೂಡಿಸಿದಾಗ ಮೂರ್ನಾಲ್ಕು ತಿಂಗಳಿಗೆ 0.43, ಆರು ತಿಂಗಳಿಗೆ 0.30, ವರ್ಷಕ್ಕೆ 0.50 ಇಳಿಕೆ ಸಿಕ್ತು.

0.3ರಿಂದ 0.5 ಅಂದ್ರೆ ಏನು? 8.5 ಇದ್ದದ್ದು 8.1 ಆಗೋದು. ಟೈಪ್ 2 ಇರೋ ದೊಡ್ಡವರಿಗೆ ಇದು ತೆಗೆದುಹಾಕೋ ಮಾತಲ್ಲ, ಇಷ್ಟು ಇಳಿಸೋಕೆ ಇನ್ನೊಂದು ಮಾತ್ರೆ ಸೇರಿಸೋದೂ ಉಂಟು. ಆದ್ರೆ ಗಮನಿಸಿ, ಇವರೆಲ್ಲಾ ಹೆಚ್ಚುಕಮ್ಮಿ ಟೈಪ್ 2 ಇರೋ ದೊಡ್ಡವರು, ವಸಡಿನ ರೋಗ ಮೂಳೆ ತನಕ ಹೋದವರು. ಟೈಪ್ 1 ಇರೋರು ಈ ಲೆಕ್ಕದಲ್ಲಿ ಬಹಳ ಕಮ್ಮಿ, ಹದಿಹರೆಯದವರಂತೂ ಇನ್ನೂ ಕಮ್ಮಿ. ಆ ನಂಬರನ್ನ ತಂದು ನನ್ನ ಮಗಳಿಗೆ ಅಂಟಿಸೋಕೆ ಆಗಲ್ಲ. ಟೈಪ್ 2ರಲ್ಲಿ ಇನ್ಸುಲಿನ್ ಇದ್ರೂ ದೇಹ ಕೇಳದಿರೋದೇ ಮೂಲ ಸಮಸ್ಯೆ, ಉರಿಯೂತ ಕಮ್ಮಿ ಮಾಡಿದ್ರೆ ಆ ಸಮಸ್ಯೆಗೇ ನೇರ ಕೈ ಹಾಕಿದ ಹಾಗೆ. ಟೈಪ್ 1ರಲ್ಲಿ ಇನ್ಸುಲಿನ್ನೇ ಇಲ್ಲ, ಅಲ್ಲಿ ಶುಗರ್ ಏರಿಳಿಯೋದು ಡೋಸ್, ಊಟ, ಆಟ, ನಿದ್ದೆ, ಹಾರ್ಮೋನ್ ಇವುಗಳ ಜಗ್ಗಾಟದಲ್ಲಿ, ವಸಡಿನ ಉರಿಯೂತದ ಪಾಲು ಅದರಲ್ಲಿ ಎಲ್ಲೋ ಒಂದು ಸಣ್ಣ ಎಳೆ. ಅದಕ್ಕೇ ಕಾಲುದಾರಿ ಅಂದಿದ್ದು. ಸ್ಕೇಲಿಂಗ್ (ಡೆಂಟಿಸ್ಟ್ ಮಾಡೋ ಹಲ್ಲಿನ ಕ್ಲೀನಿಂಗ್) ಮಾಡಿಸಿ ಬಂದು ಮುಂದಿನ ಎಚ್‌ಬಿಎ1ಸಿ ಇಳಿದಿಲ್ಲ ಅಂತ ಬೇಜಾರಾಗೋ ಅಪ್ಪ ಅಮ್ಮಂದಿರಿಗೆ ಇದನ್ನ ಮೊದಲೇ ಹೇಳಿರ್ಬೇಕು.

ಚಿಕ್ಕ ವಯಸ್ಸಲ್ಲೇ ಟೈಪ್ 2 ಬಂದವರ ವಿಷಯ ಮಾತ್ರ ಬೇರೆ, ಇವರ ಬಗ್ಗೆ ಮಾತೇ ಕಮ್ಮಿ. ಅಮೆರಿಕದಲ್ಲಿ ಇಂಥ ಮಕ್ಕಳನ್ನ ಹದಿನೈದು ವರ್ಷದ ತನಕ ಹಿಂಬಾಲಿಸಿದ ಟುಡೇ ಅನ್ನೋ ಅಧ್ಯಯನದ 2021ರ ವರದಿ ಓದಿದ್ರೆ ಎದೆ ಝಲ್ಲೆನ್ನುತ್ತೆ, ಸರಾಸರಿ ಇಪ್ಪತ್ತಾರರ ವಯಸ್ಸಿಗೆ 60% ಜನಕ್ಕೆ ಕಣ್ಣು, ಕಿಡ್ನಿ, ನರ ಇವುಗಳಲ್ಲಿ ಕನಿಷ್ಠ ಒಂದಾದ್ರೂ ತೊಂದರೆ ಬಂದಿತ್ತು. ಇವರಲ್ಲಿ ಕಾಯಿಲೆ ದೊಡ್ಡವರದ್ದಕ್ಕಿಂತ ವೇಗವಾಗಿ ಓಡುತ್ತೆ. ಮೂಲದಲ್ಲೇ ಇನ್ಸುಲಿನ್ ಮಾತು ಕೇಳದಿರೋ ಸಮಸ್ಯೆ ಇರೋದ್ರಿಂದ ವಾಪಸ್ ದಾರಿ ಕೂಡ ಇವರಿಗೆ ಸ್ವಲ್ಪ ಅಗಲವೇ ಇರ್ಬೇಕು ಅನ್ನೋದು ನನ್ನ ಊಹೆ, ಊಹೆ ಅಂತಲೇ ತಗೊಳ್ಳಿ.

ಹಂಗಾದ್ರೆ ಟೈಪ್ 1 ಮಕ್ಕಳಿಗೆ ವಸಡು ನೋಡಿಸಿ ಏನ್ ಪ್ರಯೋಜನ, ಶುಗರ್ ಇಳಿಯಲ್ಲ ಅಂದ್ಮೇಲೆ? ಪ್ರಶ್ನೆಯೇ ಉಲ್ಟಾ ಅಂತ ನನ್ನ ವಾದ. ಕಣ್ಣಿನ ಫೋಟೋ ತೆಗೆಸೋದು ಎಚ್‌ಬಿಎ1ಸಿ ಇಳಿಸೋಕಾ? ಅಲ್ವಲ್ಲ, ಕಣ್ಣು ಉಳಿಸೋಕೆ. ವಸಡನ್ನ ಮಾತ್ರ ಯಾಕೆ ಶುಗರ್ ಇಳಿಸೋ ಮಾತ್ರೆ ಅಂತ ಮಾರಾಟ ಮಾಡ್ಬೇಕು? ವಸಡು ವಸಡಿಗೋಸ್ಕರವೇ ಮುಖ್ಯ. ಆಗ್ಲೇ ಗೆರೆ ಅಂದೆನಲ್ಲ, ವಾಪಸ್ ಬರಬಹುದಾದ ಹಂತ ಮತ್ತೆ ಬರಲಾಗದ ಹಂತ, ಹದಿಹರೆಯದ ಹೆಚ್ಚಿನ ಮಕ್ಕಳು ಆ ಗೆರೆಯ ಈಚೆಗೇ ಇರ್ತಾರೆ. ನಲವತ್ತಕ್ಕೆ ಡೆಂಟಿಸ್ಟ್ ಹತ್ರ ಹೋದ್ರೆ ಮಿಕ್ಕಿದ್ದನ್ನ ಉಳಿಸ್ಕೊಳ್ಳೋ ಕೆಲಸ, ಹದಿನಾರಕ್ಕೆ ಹೋದ್ರೆ ಏನೂ ಕಳ್ಕೊಳ್ಳದೆ ವಾಪಸ್ ಬರಬಹುದು.

ಹರಾಲ್ಡ್ ಲೋ ಹೆಸರು ಇನ್ನೊಂದ್ಸಲ ಬರುತ್ತೆ ಈ ಕಥೆಯಲ್ಲಿ. ಅದೇ ಮನುಷ್ಯ ಮುಂದೆ ಅಮೆರಿಕದ ರಾಷ್ಟ್ರೀಯ ದಂತ ಸಂಶೋಧನಾ ಸಂಸ್ಥೆಯ ನಿರ್ದೇಶಕರಾದ್ರು, 1993ರಲ್ಲಿ ಒಂದು ಲೇಖನ ಬರೆದ್ರು, ವಸಡಿನ ರೋಗ ಡಯಾಬಿಟಿಸ್‌ನ ಆರನೇ ತೊಡಕು ಅಂತ. ಕಣ್ಣು, ಕಿಡ್ನಿ, ನರ, ದೊಡ್ಡ ರಕ್ತನಾಳ, ಗಾಯ ಮಾಯದಿರೋದು, ಇವು ಐದು, ಆರನೇದು ಇದು. ಆ ವರ್ಷವೇ ಡಿಸಿಸಿಟಿ ಅನ್ನೋ ಟ್ರಯಲ್ ಫಲಿತಾಂಶವೂ ಬಂತು, ಟೈಪ್ 1 ಇರೋ 1,441 ಜನ, 13ರಿಂದ 39 ವರ್ಷದವರು, ಎಚ್‌ಬಿಎ1ಸಿಯನ್ನ 9ರ ಬದಲು 7ರ ಹತ್ರ ಇಟ್ರೆ ಕಣ್ಣಿನ ತೊಂದರೆ ಶುರುವಾಗೋ ಸಾಧ್ಯತೆ 76% ಇಳಿಯುತ್ತೆ ಅಂತ ತೋರಿಸಿದ್ದು ಅದೇ. ಇವತ್ತು ಪ್ರತಿ ಕ್ಲಿನಿಕ್‌ನಲ್ಲೂ ನಡೆಯೋದು ಆ ಟ್ರಯಲ್ ಹಾಕಿದ ದಾರಿ. ಒಂದೇ ವರ್ಷದ ಎರಡು ಲೇಖನ, ಒಂದು ಲಿಸ್ಟ್ ಆಯ್ತು, ಇನ್ನೊಂದು ಲಿಸ್ಟ್‌ನ ಹೊರಗೇ ಉಳೀತು.

ಯಾಕೆ ಉಳೀತು ಅಂದ್ರೆ, ಬಾಯಿ ಡೆಂಟಿಸ್ಟ್‌ದು, ಮಿಕ್ಕ ದೇಹ ಡಾಕ್ಟರ್‌ದು ಅಂತ ಪಾಲಾಗಿಬಿಟ್ಟಿದೆ. ಓದೋ ಕಾಲೇಜೇ ಬೇರೆ, ಫೈಲ್ ಬೇರೆ, ಎಷ್ಟೋ ದೇಶಗಳಲ್ಲಿ ಇನ್ಶೂರೆನ್ಸೇ ಬೇರೆ. ಮಾರ್ಗಸೂಚಿ ಇಲ್ಲ ಅಂತಲ್ಲ, ಅಂತಾರಾಷ್ಟ್ರೀಯ ಡಯಾಬಿಟಿಸ್ ಒಕ್ಕೂಟ 2009ರಲ್ಲೇ ಬಾಯಿಯ ಆರೋಗ್ಯದ ಬಗ್ಗೆ ಒಂದು ಮಾರ್ಗಸೂಚಿ ಹೊರಡಿಸಿತ್ತು. ದಂತವೈದ್ಯರ ಕಡೆಯಿಂದಲೂ 2018ರಲ್ಲಿ ಒಂದು ದೊಡ್ಡ ಬದಲಾವಣೆ ಆಯ್ತು, ವಸಡಿನ ರೋಗವನ್ನ ವರ್ಗ ಮಾಡೋ ಹೊಸ ಪದ್ಧತಿಯಲ್ಲಿ ರೋಗ ಎಷ್ಟು ವೇಗವಾಗಿ ಹೋಗಬಹುದು ಅನ್ನೋ ಗ್ರೇಡ್ ಹಾಕೋಕೆ ಎಚ್‌ಬಿಎ1ಸಿಯನ್ನೇ ಸೇರಿಸಿದ್ರು. ಡಯಾಬಿಟಿಸ್ ಇದ್ದು 7ಕ್ಕಿಂತ ಕಮ್ಮಿ ಇದ್ರೆ ಬಿ, 7 ಅಥವಾ ಮೇಲಿದ್ರೆ ಸಿ, ಸಿ ಅಂದ್ರೆ ವೇಗ ಜಾಸ್ತಿ. ಅಂದ್ರೆ ಡೆಂಟಿಸ್ಟ್ ನಿಮ್ಮ ಮಗನ ಎಚ್‌ಬಿಎ1ಸಿ ಎಷ್ಟು ಅಂತ ಕೇಳ್ಬೇಕು, ಕೇಳಿಲ್ಲ ಅಂದ್ರೆ ನೀವೇ ಹೇಳಿ. ಅವರು ಅದನ್ನ ಲೆಕ್ಕಕ್ಕೆ ತಗೊಳ್ದೆ ಬರೀ "ಚೆನ್ನಾಗಿ ಉಜ್ಜು ಪುಟ್ಟಾ" ಅಂತ ಕಳಿಸಿದ್ರೆ ಡೆಂಟಿಸ್ಟ್ ಬದಲಾಯಿಸೋ ಯೋಚನೆ ಮಾಡಿ.

ಡೆಂಟಿಸ್ಟ್ ಹತ್ರ ಹೋದಾಗ ಕೇಳಬೇಕಾದ್ದು ಒಂದು ಇದೆ, ಪ್ರೋಬ್ ಹಾಕಿ ಅಳೆದ್ರಾ ಅಂತ. ಮಿಲಿಮೀಟರ್ ಗುರುತು ಇರೋ ಸಣ್ಣ ಮೊಂಡು ಕಡ್ಡಿ ಅದು, ಹಲ್ಲಿಗೂ ವಸಡಿಗೂ ನಡುವೆ ಮೆತ್ತಗೆ ಇಳಿಸಿ ಆಳ ನೋಡ್ತಾರೆ. 1ರಿಂದ 3 ಇದ್ರೆ ಸರಿ, 4 ಅಥವಾ ಮೇಲಿದ್ರೆ ಕಣ್ಣಿಡಬೇಕು, ಮುಟ್ಟಿದಾಗ ಎಷ್ಟು ಕಡೆ ರಕ್ತ ಬಂತು ಅಂತಲೂ ಬರ್ಕೋತಾರೆ. ಕನ್ನಡಿ ಹಿಡಿದು ನೋಡಿದ್ರೆ ಹುಳುಕು ಕಾಣುತ್ತೆ, ವಸಡಿನ ಆಳ ಕಾಣಲ್ಲ. ಮಕ್ಕಳಿಗೆ ಹುಳುಕು ಮಾತ್ರ ನೋಡಿ ಕಳಿಸೋದು ಬಹಳ ಕಡೆ ಅಭ್ಯಾಸ. ಗಟ್ಟಿಯಾದ ಪಾಚಿ, ಕಲ್ಲಿನ ತರ ಆಗಿರುತ್ತಲ್ಲ, ಅದು ಬ್ರಶ್‌ಗೆ ಬಗ್ಗಲ್ಲ, ಅದನ್ನ ಡೆಂಟಿಸ್ಟೇ ತೆಗೀಬೇಕು. ಸ್ಕೇಲಿಂಗ್ ಮಾಡಿಸಿದ್ರೆ ಹಲ್ಲು ಸಡಿಲ ಆಗುತ್ತೆ ಅಂತ ಹೆದರೋರು ಇದಾರೆ, ಸಡಿಲ ಮಾಡಿರೋದು ಅದರ ಕೆಳಗಿದ್ದ ರೋಗ, ಕಲ್ಲು ಹೋದಾಗ ಅದು ಗೊತ್ತಾಗುತ್ತೆ ಅಷ್ಟೇ.

ಅಪಾಯಿಂಟ್‌ಮೆಂಟ್ ಊಟ ತಿಂಡಿ ಆದ್ಮೇಲೆ ಇಟ್ಕೊಳ್ಳಿ, ಇನ್ಸುಲಿನ್ ಬಿಟ್ಟು ಹೋಗಬೇಡಿ, ಮೀಟರ್ ಅಥವಾ ಸೆನ್ಸರ್, ಗ್ಲೂಕೋಸ್ ಜೊತೇಲಿರಲಿ. ಬಾಯಿ ಮರಗಟ್ಟಿಸೋ ಇಂಜೆಕ್ಷನ್ ಕೊಟ್ರೆ ಒಂದೆರಡು ಗಂಟೆ ತಿನ್ನೋಕೆ ಕಷ್ಟ, ಅಷ್ಟೊತ್ತಿಗೆ ಹಾಕ್ಕೊಂಡಿರೋ ಇನ್ಸುಲಿನ್ ಕೆಲಸ ಮಾಡ್ತಾ ಇರುತ್ತೆ, ಈ ಲೆಕ್ಕ ಮೊದಲೇ ಮಾಡ್ಕೊಳ್ಳಿ. ಕೀವು ಕಟ್ಟಿ ಮುಖ ಊದಿದ್ರೆ ಅದು ಬೇರೆ ಮಾತು, ಕಾಯೋ ಹಾಗಿಲ್ಲ, ಸೋಂಕಿನಿಂದ ಶುಗರ್ ಏರಿ ರಕ್ತದಲ್ಲಿ ಕೀಟೋನ್ ಅನ್ನೋ ಆಮ್ಲ ಸೇರೋ ಅಪಾಯದ ತನಕ ಹೋಗಬಹುದು, ತಿನ್ನೋಕಾಗ್ತಿಲ್ಲ ಅಂತ ಇನ್ಸುಲಿನ್ ಪೂರ್ತಿ ನಿಲ್ಲಿಸೋದು ಆಗ ಮಾಡೋ ದೊಡ್ಡ ತಪ್ಪು.

ಟೈಪ್ 1 ಮನೆಗಳಿಗೆ ಮಾತ್ರ ಗೊತ್ತಿರೋ ಇನ್ನೊಂದು ವಿಷಯ ಇದೆ, ರಾತ್ರಿಯ ಲೋ, ಅಂದ್ರೆ ಶುಗರ್ ತೀರಾ ಇಳಿದುಬಿಡೋದು. ಎರಡು ಗಂಟೆಗೆ ಸೆನ್ಸರ್ ಕೂಗುತ್ತೆ, ನಿದ್ದೆಗಣ್ಣಲ್ಲೇ 15 ಗ್ರಾಂ ಸಕ್ಕರೆ, ಜ್ಯೂಸೋ ಗ್ಲೂಕೋಸ್ ಮಾತ್ರೆಯೋ, 15 ನಿಮಿಷ ಬಿಟ್ಟು ಮತ್ತೆ ನೋಡೋದು, ಆಮೇಲೆ ಹಾಗೇ ಮಲಗೋದು. ಸಕ್ಕರೆ ಬಾಯಲ್ಲೇ ಬೆಳಗಿನ ತನಕ. ಆಗ ಎದ್ದು ಹಲ್ಲುಜ್ಜು ಅನ್ನೋ ಡೆಂಟಿಸ್ಟ್‌ಗೆ ಆ ರಾತ್ರಿ ಗೊತ್ತಿಲ್ಲ. ಲೋಗೆ ಸಕ್ಕರೆ ಕೊಡೋದೇ ಮೊದಲು, ಅದರಲ್ಲಿ ಚೌಕಾಸಿ ಇಲ್ಲ. ಶುಗರ್ ಮೇಲೆ ಬಂದ್ಮೇಲೆ ಎರಡು ಗುಟುಕು ನೀರು ಬಾಯಿ ಮುಕ್ಕಳಿಸಿ ಮಲಗಿದ್ರೆ ಸಾಕು. ಹುಳಿ ಇರೋ ಜ್ಯೂಸ್ ಕುಡಿದ ತಕ್ಷಣ ಹಲ್ಲುಜ್ಜೋದು ಹೇಗೂ ಒಳ್ಳೇದಲ್ಲ, ಹಲ್ಲಿನ ಮೇಲ್ಪದರ ಮೆತ್ತಗಾಗಿರುತ್ತೆ. ಜ್ಯೂಸ್ ಬದಲು ಗ್ಲೂಕೋಸ್ ಮಾತ್ರೆ ಇಟ್ಕೊಂಡ್ರೆ ಅಷ್ಟರಮಟ್ಟಿಗೆ ವಾಸಿ, ಅಂಟೋ ಮಿಠಾಯಿಗಿಂತಂತೂ ಎಷ್ಟೋ ವಾಸಿ.

ಮನೇಲಿ ಮಾಡೋದು ಹೊಸದೇನಿಲ್ಲ, ಮೃದು ಬ್ರಶ್ಶು, ದಿನಕ್ಕೆರಡು ಸಲ, ಎರಡೆರಡು ನಿಮಿಷ, ಬ್ರಶ್ ವಸಡಿನ ಅಂಚಿಗೆ ಓರೆಯಾಗಿ ತಾಗಬೇಕು, ಹಲ್ಲಿನ ಸಂದಿಗೆ ದಾರ ಅಥವಾ ಸಣ್ಣ ಸಂದಿ ಬ್ರಶ್. ಜನ ಎಡವೋದು ಒಂದು ಕಡೆ, ರಕ್ತ ಬರುತ್ತೆ ಅಂತ ಆ ಜಾಗ ಬಿಟ್ಟು ಉಜ್ಜೋದು. ಬಿಟ್ಟಷ್ಟೂ ಅಲ್ಲಿ ಪಾಚಿ ಜಾಸ್ತಿ, ಪಾಚಿ ಜಾಸ್ತಿಯಾದಷ್ಟೂ ರಕ್ತ ಜಾಸ್ತಿ. ಮೆತ್ತಗೆ ಆದ್ರೂ ಅಲ್ಲೇ ಉಜ್ಜಬೇಕು, ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಮ್ಮಿಯಾಗುತ್ತೆ, ಆಗಿಲ್ಲ ಅಂದ್ರೆ ತೋರಿಸಬೇಕು. ಇದಕ್ಕೆ ಉಲ್ಟಾ ಒಂದು ಮೋಸ ಇದೆ, ಸಿಗರೇಟು ಸೇದೋ ಹುಡುಗರ ವಸಡಲ್ಲಿ ರಕ್ತ ಕಮ್ಮಿ ಬರುತ್ತೆ, ನಿಕೋಟಿನ್ ರಕ್ತನಾಳವನ್ನ ಬಿಗಿ ಮಾಡೋದ್ರಿಂದ. ರಕ್ತ ಇಲ್ಲ ಅಂತ ಚೆನ್ನಾಗಿದೆ ಅಂದ್ಕೋತಾರೆ, ಒಳಗೆ ಮೂಳೆ ಹೋಗ್ತಾ ಇರುತ್ತೆ. ವೇಪ್‌ನಲ್ಲೂ ಇರೋದು ಅದೇ ನಿಕೋಟಿನ್.

ಮೊನ್ನೆ ಮಗಳನ್ನ ಕೂರಿಸಿ ಅಳೆಸಿದ್ವಿ. ಡೆಂಟಿಸ್ಟ್ ಒಂದೊಂದೇ ಹಲ್ಲಿಗೆ ನಂಬರ್ ಹೇಳ್ತಾ ಹೋದ್ರು, ಪಕ್ಕದಲ್ಲಿದ್ದ ನರ್ಸ್ ಬರ್ಕೊಂಡ್ರು, ಎರಡು, ಮೂರು, ಎರಡು, ಮೂರು, ಮೂರು, ನಾಲ್ಕು. ಬಾಯಲ್ಲಿ ಕಡ್ಡಿ ಇಟ್ಕೊಂಡೇ ಇವಳು ಕೈ ಎತ್ತಿದ್ಲು. ನೋವಾಯ್ತೇನೋ ಅಂತ ಅವರು ನಿಲ್ಲಿಸಿದ್ರು. "ನಾಲ್ಕು ಯಾವ ಹಲ್ಲಿಗೆ?" ಅಂದ್ಲು. ಕೆಳಗಡೆ ಬಲಗಡೆ ಕೊನೇದು ಅಂದ್ರು. ದಿನಾ ಫೋನಲ್ಲಿ ಶುಗರ್ ಗ್ರಾಫ್ ನೋಡಿ ನೋಡಿ ಅಭ್ಯಾಸ ಇರೋ ಹುಡುಗಿ, ಇವತ್ತಿನ ತನಕ ಅವಳ ವಸಡಿಗೆ ಒಂದು ನಂಬರ್ ಇದೆ ಅಂತ ಯಾರೂ ಹೇಳಿರ್ಲಿಲ್ಲ. ಮನೆಗೆ ಬರ್ತಾ ದಾರೀಲಿ ಕೇಳಿದ್ಲು, ಮತ್ತೆ ಯಾವಾಗ ಅಳೀತಾರೆ ಅಂತ. ಮೂರು ತಿಂಗಳಿಗೆ ಅಂದೆ, ಎಚ್‌ಬಿಎ1ಸಿ ಜೊತೆಗೇ.